ಅಕ್ಕನ ಬೋರಿಗೆ ಬಿದ್ದ ಬೀಗ

ಹೆಗಲಿಗೆ ಕಪ್ಪು ಚೀಲ, ಚೀಲದೊಳಗೆ ಉರುಳೆಗೆ ಸುತ್ತಿದ ಉದ್ದನೆಯ ಟೇಪು, ತಲೆಯ ಮೇಲೆ ಬಣ್ಣ ಹಾರಿದ ಕೊಡೆ. ಹೀಗೆ ಒಬ್ಬ ಹೆಂಗಸು ಬೀದಿಗಿಳಿದಳೆಂದರೆ ತಿಂಗಳು ಮುಗಿಯುತ್ತ ಬಂತೆಂದು ಊರಿನವರು ತಿಳಿದುಕೊಳ್ಳುತ್ತಿದ್ದರು. ಅವಳು ಪುರಸಭೆಯ ಅಂತರ್ಜಲ ವಿಭಾಗದ ಮೇಲ್ವಿಚಾರಕಿ. ಕಾಗದದ ಮೇಲೆ ಏನೇ ಇರಲಿ, ಊರಿನ ಬಾಯಲ್ಲಿ ಅವಳು ಬಾವಿ ಮೇಡಂ. ಬರೀ ನೀರಿನ ಮಟ್ಟ ನೋಡುವುದಕ್ಕೆಂದೇ ಪುರಸಭೆ ಅಲ್ಲಲ್ಲಿ ಕೊರೆಸಿಟ್ಟ ಬಾವಿಗಳಿದ್ದವು. ಮುಚ್ಚಳ ತೆಗೆದು ಟೇಪು ಇಳಿಬಿಟ್ಟರೆ, ತುದಿ ನೀರಿಗೆ ತಗುಲಿದ ಕೂಡಲೇ ಕೈಯಲ್ಲಿನ ಉರುಳೆ ಕುಂಯ್ ಎನ್ನುತ್ತಿತ್ತು. ಹೊಸ ಬೋರು ಕೊರೆಸುವವರ ಅರ್ಜಿ ನೋಡುವುದು, ಅರ್ಜಿ ಹಾಕದೆ ಕೊರೆಸಿದವರನ್ನು ಹಿಡಿಯುವುದು, ಮನೆಮನೆಯ ಇಂಗುಗುಂಡಿಗೆ ಮಳೆನೀರು ಹೋಗುತ್ತದೋ ಕಸ ಹೋಗುತ್ತದೋ ಎಂದು ಬಗ್ಗಿ ನೋಡುವುದು, ಎಲ್ಲ ಅವಳದೇ ಕೆಲಸ. ಬೀದಿಯ ತುದಿಯಲ್ಲಿ ಕೊಡೆ ಕಂಡರೆ ಸಾಕು, ಕಾರು ತೊಳೆಯುತ್ತಿದ್ದವರು ಪೈಪನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದರು. ನೀರು ಬೆನ್ನಿನಿಂದ ಕಾಲಿಗಿಳಿದು ಚಪ್ಪಲಿ ತುಂಬುತ್ತಿದ್ದರೂ, "ನಲ್ಲಿ ತಾನಾಗೇ ಬಿಚ್ಕೊಂಡ್ಬಿಟ್ಟಿತು ಮೇಡಂ" ಎನ್ನುತ್ತಿದ್ದರು.

"ಅದಕ್ಕೂ ಸ್ವಲ್ಪ ಬುದ್ಧಿ ಹೇಳಿ" ಎಂದು ಅವಳು ಮುಂದೆ ಹೋಗುತ್ತಿದ್ದಳು.

ಅವಳನ್ನು ಈ ಕೆಲಸದವರೆಗೆ ಕೈಹಿಡಿದು ತಂದವಳು ಅಕ್ಕ. ತಾಯಿ ತೀರಿಕೊಂಡಾಗ ಇವಳಿನ್ನೂ ತನ್ನ ಜಡೆ ತಾನು ಹಾಕಿಕೊಳ್ಳಲು ಬಾರದ ಹುಡುಗಿ. ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ಗಂಡನ ಮನೆಗೆ ಹೊರಟವಳು ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ತಂಗಿಯನ್ನು ಹಿಡಿದುಕೊಂಡೇ ಹೊರಟಳು. ಭಾವ ದರ್ಜಿ, ಮೆತ್ತಗಿನ ಮನುಷ್ಯ. "ಒಬ್ಬಳನ್ನ ಕೇಳಿದ್ದೆ, ಇಬ್ಬರನ್ನ ಕೊಟ್ರು. ಇಂಥಾ ವ್ಯಾಪಾರ ಯಾರಿಗೆ ಸಿಗುತ್ತೆ" ಎಂದು ನಕ್ಕು, ಗಿರಾಕಿಗಳ ಬಟ್ಟೆಯಲ್ಲಿ ಮಿಕ್ಕ ತುಂಡುಗಳನ್ನು ಸೇರಿಸಿ ಅವಳಿಗೆ ಒಂದು ಅಂಗಿ ಹೊಲಿದುಕೊಟ್ಟ. ಅದರ ಎರಡು ತೋಳು ಎರಡು ಬಣ್ಣ.

ಅಕ್ಕ ಸುಮ್ಮನೆ ಕೂರುವವಳಲ್ಲ. ಊರಿನ ಅಂಚಿನಲ್ಲಿ, ಎಲ್ಲರೂ ತಗ್ಗುರಸ್ತೆ ಎನ್ನುವ ದಾರಿಯ ಬದಿಗೆ, ಮುಳ್ಳುಗಿಡ ಬೆಳೆದು ಬಿದ್ದಿದ್ದ ಜಾಗವನ್ನು ಹಸನು ಮಾಡಿ ಸಸಿ ಬೆಳೆಸಿ ಮಾರತೊಡಗಿದಳು. ಗುಲಾಬಿ, ನಿಂಬೆ, ಬೇಲಿಗೆ ಹಬ್ಬುವ ಬಳ್ಳಿಗಳು. ಅಲ್ಲಿಯೇ ಒಂದು ಬೋರು ಕೊರೆಸಿದಳು. ಆ ಬೋರಿನ ನೀರಿಗೆ ಗಿಡ ಬೆಳೆಯಿತು, ಗಿಡಗಳ ಬೆನ್ನಿಗೆ ತಂಗಿಯೂ ಬೆಳೆದಳು, ಓದಿದಳು. ಭೂಮಿಯ ಒಳಗಿನ ನೀರಿನ ವಿಷಯ ಓದುತ್ತೇನೆಂದಾಗ ಅಕ್ಕ, "ಕಣ್ಣಿಗೆ ಕಾಣದೇ ಇರೋದನ್ನ ಓದಿ ಏನು ಮಾಡ್ತೀಯೇ?" ಎಂದಿದ್ದಳು. ಪುರಸಭೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಮಾತ್ರ, ಗಿಡ ಕೊಳ್ಳಲು ಬಂದವರು ಕೇಳಲಿ ಬಿಡಲಿ, "ಊರಿನ ನೀರೆಲ್ಲ ನೋಡ್ಕೊಳ್ಳೋಳು ನಮ್ಮ ತಂಗೀನೇ" ಎಂದು ಹೇಳಿಯೇ ಕಳಿಸುತ್ತಿದ್ದಳು.

ತಂಗಿ ಕಚೇರಿಯ ಹತ್ತಿರ ಮಹಡಿಯ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದಳು. ಮದುವೆಯ ಮಾತು ಬಂತು, ಹೋಯಿತು, ಮತ್ತೆ ಬಂತು, ಕೊನೆಗೆ ಬರುವುದನ್ನೇ ಬಿಟ್ಟಿತು. ಅವಳಿಗೆ ಅದರ ಕೊರಗು ಇರಲಿಲ್ಲ. ತಿಂಗಳ ಕೊನೆಗೆ ಟೇಪು ಹಿಡಿದು ಹೊರಟರೆ ತಗ್ಗುರಸ್ತೆಯ ಬಾವಿಯನ್ನು ಬೇಕೆಂದೇ ಎಲ್ಲದಕ್ಕಿಂತ ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಅದು ಅಕ್ಕನ ತೋಟದ ಬೇಲಿಗೆ ಅಂಟಿಕೊಂಡೇ ಇತ್ತು. ಉರುಳೆ ಕುಂಯ್ ಎಂದದ್ದೇ ಬೇಲಿಯಾಚೆಯಿಂದ ಅಕ್ಕನ ದನಿ ಬರುತ್ತಿತ್ತು.

"ಏನಂತೆ ನೀರು?"

ಕಾಯಿಲೆ ಬಿದ್ದ ನೆಂಟರನ್ನು ವಿಚಾರಿಸಿದ ಹಾಗಿತ್ತು ಆ ಕೇಳುವ ರೀತಿ. "ಸ್ವಲ್ಪ ಇಳಿದಿದೆ ಅಕ್ಕ" ಎಂದರೆ "ಅಯ್ಯೋ ಪಾಪ" ಎನ್ನುವಳು. ಆಮೇಲೆ ಬೋರಲು ಹಾಕಿದ ಹೂಕುಂಡದ ಮೇಲೆ ತಂಗಿಯನ್ನು ಕೂರಿಸಿ, ಹಿಡಿ ಮುರಿದ ಕಪ್ಪಿನಲ್ಲಿ ಟೀ ಕೊಟ್ಟು, ತಲೆಗೆ ಎಣ್ಣೆ ಹಚ್ಚುವುದಿಲ್ಲವೇ, ಚಪ್ಪಲಿ ಯಾಕೆ ಹೀಗೆ ಸವೆದಿದೆ ಎಂದು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡುವಳು. ಊರನ್ನೆಲ್ಲ ತಪಾಸಣೆ ಮಾಡಿ ಬಂದವಳು ಅಲ್ಲಿ ಬಾಯಿ ಮುಚ್ಚಿಕೊಂಡು ಒಪ್ಪಿಸಿಕೊಳ್ಳುತ್ತಿದ್ದಳು.

ನೀರು ಮಾತ್ರ ಇಳಿಯುತ್ತಲೇ ಹೋಯಿತು. ತಗ್ಗುರಸ್ತೆಯ ಕೊನೆಯಲ್ಲಿ ಪುರಸಭೆಯ ದೊಡ್ಡ ಬಾವಿ ಇತ್ತು. ಅರ್ಧ ಊರಿಗೆ ಅಲ್ಲಿಂದಲೇ ನೀರು. ಬೇಸಿಗೆಯಲ್ಲಿ ಅದರ ಪಂಪು ನೀರಿನ ಜೊತೆ ಗಾಳಿ ಎಳೆಯತೊಡಗಿತು, ಮಹಡಿಯ ಮನೆಗಳ ನಲ್ಲಿಗಳು ಗೊರಕೆ ಹೊಡೆಯತೊಡಗಿದವು. ಸುತ್ತಮುತ್ತ ಖಾಸಗಿ ಬೋರುಗಳು ಹೆಚ್ಚಾಗಿ ದೊಡ್ಡ ಬಾವಿಗೆ ಬರಬೇಕಾದ ನೀರನ್ನು ದಾರಿಯಲ್ಲೇ ಕುಡಿಯುತ್ತಿವೆ ಎಂದು ಅವಳು ವರದಿ ಕೊಟ್ಟಳು. ಪುರಸಭೆ ಒಂದಷ್ಟು ದಿನ ಕೆಮ್ಮಿ ಕ್ಯಾಕರಿಸಿ ಕೊನೆಗೆ ತೀರ್ಮಾನ ಮಾಡಿತು. ದೊಡ್ಡ ಬಾವಿಯ ಸುತ್ತ ಒಂದು ಗಡಿ ಎಳೆದು, ಅದರೊಳಗಿನ ಖಾಸಗಿ ಬೋರುಗಳನ್ನೆಲ್ಲ ಮುಚ್ಚಬೇಕು. ನಕ್ಷೆಯ ಮೇಲೆ ಗಡಿ ಎಳೆದವಳು ಅವಳೇ. ಅಕ್ಕನ ತೋಟ ಗಡಿಯ ಒಳಗೇ ಬಿತ್ತು. ಪೆನ್ಸಿಲನ್ನು ಎಷ್ಟು ಸಲ ತಿರುಗಿಸಿದರೂ ಅದು ಹೊರಗೆ ಬೀಳುವ ಹಾಗಿರಲಿಲ್ಲ.

ವಿಷಯ ಹೇಳಲು ಅವಳು ಅಂದೇ ಸಂಜೆ ತೋಟಕ್ಕೆ ಹೋದಳು. ಅಕ್ಕ ಗೊಬ್ಬರ ಮೆತ್ತಿದ ಕೈಯಲ್ಲೇ ನಕ್ಕಳು. "ಯಾರೋ ಬಂದು ನಮ್ಮ ಬೋರಿಗೆ ಬೀಗ ಹಾಕ್ತಾರಾ? ನೀನಿದ್ದೀಯಲ್ಲೇ ಅಲ್ಲಿ."

ತಂಗಿ ನಕ್ಷೆ ತೋರಿಸಲೆಂದು ಚೀಲಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಯಾರೋ ನಿಂಬೆಸಸಿ ಕೇಳಿಕೊಂಡು ಬಂದರು, ಮಾತು ಅಲ್ಲಿಗೇ ನಿಂತಿತು.

ಬೀಗ ಹಾಕುವ ಸರದಿ ತಗ್ಗುರಸ್ತೆಗೆ ಬಂದಾಗ ಮುಖ್ಯಾಧಿಕಾರಿ ಅವಳನ್ನು ಕರೆದರು. ವಯಸ್ಸಾದ ಮನುಷ್ಯ, ಎರಡು ಮಾತಿಗೊಮ್ಮೆ ಕನ್ನಡಕ ಒರೆಸುವವರು. "ನಿಮ್ಮ ಅಕ್ಕನ ಮನೆ ವಿಚಾರ. ಬೇರೆ ಯಾರನ್ನಾದ್ರೂ ಕಳಿಸ್ತೀನಮ್ಮ."

"ಬೇಡ ಸಾರ್, ನಾನೇ ಹೋಗ್ತೀನಿ" ಎಂದಳು ಅವಳು. ಗುರುತು ಪರಿಚಯ ಇಲ್ಲದವನೊಬ್ಬ ಬಂದು ಅಕ್ಕನ ಎದುರು ಕಾನೂನು ಓದಿ ಬೀಗ ಜಡಿಯುವುದು ಅವಳಿಗೆ ಬೇಡವಾಗಿತ್ತು. ಆಗಲೇಬೇಕಾದ್ದು ತನ್ನ ಕೈಯಿಂದಲೇ ಆದರೆ ನೋವು ಕಡಿಮೆಯಾದೀತು ಎಂದುಕೊಂಡಳು. ಅವಳ ಲೆಕ್ಕದಲ್ಲಿ ಅದು ಪ್ರೀತಿಯೇ ಆಗಿತ್ತು.

ಕೊಳಾಯಿ ರಿಪೇರಿಯವನು ಬೋರಿನ ಬಾಯಿಗೆ ಕಬ್ಬಿಣದ ಮುಚ್ಚಳ ಕೂರಿಸಿದ. ಅವಳು ಬೀಗ ಹಾಕಿ, ಪುರಸಭೆಯ ಮೊಹರಿನ ತಗಡು ಕಟ್ಟಿದಳು. ಅಕ್ಕ ಒಂದು ಗುಲಾಬಿ ಗಿಡವನ್ನು ಬೇರಿನ ಮಣ್ಣಿನ ಸಮೇತ ಎದೆಗೊತ್ತಿ ಹಿಡಿದುಕೊಂಡು ನೋಡುತ್ತ ನಿಂತಿದ್ದಳು. ಕೂಗಲಿಲ್ಲ, ಅಳಲಿಲ್ಲ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಹೇಳಿದಳು.

"ಬೇರೆ ಯಾರಾದ್ರೂ ಬಂದಿದ್ರೆ ಬಾಯಿಗೆ ಬಂದ ಹಾಗೆ ಬೈದು ಕಳಿಸ್ತಿದ್ದೆ. ಆಮೇಲೆ ನಿನ್ನ ಹತ್ರ ಹೇಳ್ಕೊಂಡು ಅಳ್ತಿದ್ದೆ. ಈಗ ಯಾರನ್ನ ಬೈಲಿ, ಯಾರ ಹತ್ರ ಅಳ್ಲಿ?"

ಅಕ್ಕ ಮುಖ ತಿರುಗಿಸಿ ಗಿಡವನ್ನು ಕೆಳಗಿಟ್ಟಳು. ಮತ್ತೆ ತಿರುಗಿದಾಗ ಅವಳ ದನಿಯೇ ಬೇರೆ.

"ಆಯ್ತಾ ಮೇಡಂ? ಇನ್ನೇನಾದ್ರೂ ನೋಡೋದಿದೆಯಾ ನಿಮಗೆ?"

ಆ "ನಿಮಗೆ" ಎನ್ನುವ ಮಾತು ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು. ಅಂದಿನಿಂದ ಅಕ್ಕ ಅವಳನ್ನು ನೀನು ಎನ್ನುವುದನ್ನು ಬಿಟ್ಟಳು.

ಟ್ಯಾಂಕರ್ ನೀರು ತರಿಸಿ ತೋಟವನ್ನು ಕೆಲಕಾಲ ಹೇಗೋ ತಳ್ಳಿಕೊಂಡು ಹೋದರು. ಕೊನೆಗೆ ಅಕ್ಕ ಉಳಿದ ಸಸಿಗಳನ್ನು ಬಂದವರ ಕೈಗೆ ಕೊಟ್ಟು ಗೇಟು ಮುಚ್ಚಿದಳು. ದೊಡ್ಡ ಬಾವಿಯ ಪಂಪು ಗಾಳಿ ಎಳೆಯುವುದು ನಿಂತಿತು. ಊರಿನವರು ಬಾವಿ ಮೇಡಂಗೆ ಎದುರಾದಾಗ ಕೈಮುಗಿದರು. ಅವಳು ಆ ಕೈಗಳನ್ನು ದಾಟಿ ಆಚೆ ನೋಡುತ್ತಿದ್ದಳು.

ಮೊದಮೊದಲು ಅವಳು ಅಕ್ಕನ ಮನೆಗೆ ಹೋಗಿ ಬರುತ್ತಿದ್ದಳು. ಬಾಗಿಲು ತಟ್ಟಿದರೆ ಅಕ್ಕ ನಗುತ್ತಲೇ ತೆರೆಯುತ್ತಿದ್ದಳು. ಕುರ್ಚಿ ಒರೆಸಿ ಕೂರಿಸುವಳು. ಗಾಜಿನ ಕಪಾಟಿನಲ್ಲಿದ್ದ, ನೆಂಟರಿಗೆಂದೇ ಎತ್ತಿಟ್ಟ ಚಿನ್ನದಂಚಿನ ಕಪ್ಪು ಹೊರಗೆ ಬರುತ್ತಿತ್ತು. "ಸಕ್ಕರೆ ಸಾಕಾ ನಿಮಗೆ? ಇನ್ನೊಂಚೂರು ಹಾಕ್ಲಾ?" ಚಪ್ಪಲಿ ಸವೆದಿತ್ತು, ಜಡೆ ಕೆದರಿತ್ತು, ಅಕ್ಕನ ಕಣ್ಣು ಅವುಗಳ ಮೇಲೆ ಬಿದ್ದು ಜಾರಿಹೋಗುತ್ತಿತ್ತು. ಬೈದಿದ್ದರೆ ಸಹಿಸಬಹುದಿತ್ತು. ಈ ಉಪಚಾರವನ್ನು ಸಹಿಸುವುದು ಹೇಗೆ? ಟೀ ಮುಗಿಸಿ ಎದ್ದರೆ "ಮತ್ತೆ ಬನ್ನಿ" ಎಂದು ಬಾಗಿಲವರೆಗೂ ಬಂದು ಕಳಿಸಿಕೊಡುತ್ತಿದ್ದಳು. ಆ ಮನೆಯಲ್ಲಿ ಹೇಳದೆ ಕೇಳದೆ ಒಳಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದವಳು ಅವಳು. ಬರಬರುತ್ತ ಹೋಗುವುದು ಕಡಿಮೆಯಾಯಿತು.

ಭಾವನ ಅಂಗಡಿ ಪುರಸಭೆಯ ಎದುರಿಗೇ ಇತ್ತು. ಅವಳು ಗುಂಡಿ ಹಾಕಿಸುವ ನೆಪ ಮಾಡಿಕೊಂಡು ಹೋಗಿ ನಿಲ್ಲುತ್ತಿದ್ದಳು. ಅಷ್ಟು ಗುಂಡಿಗಳು ಯಾರ ಅಂಗಿಯಿಂದಲೂ ಬೀಳುವುದಿಲ್ಲವೆಂದು ಭಾವನಿಗೂ ಗೊತ್ತಿತ್ತು.

"ಏನಾದ್ರೂ ಅಂದ್ಲಾ ಭಾವ?"

"ಅಂತಾಳೆ. ನನ್ನ ಗೊರಕೆ ಬಗ್ಗೆ ಅಂತಾಳೆ, ಹಾಲಿನವನ ಬಗ್ಗೆ ಅಂತಾಳೆ. ನಿನ್ನ ಬಗ್ಗೆ ಏನೂ ಅನ್ನಲ್ಲಮ್ಮ." ಭಾವ ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಿದ್ದ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ. ನಿಮ್ಮಕ್ಕ ಗಿಡವಾಗಿದ್ದಾಗಲೂ ಬಗ್ಗಿದೋಳಲ್ಲ, ನನಗೆ ಗೊತ್ತು. ನಾನೇ ಬಗ್ಗಿ ಬಗ್ಗಿ ಸಂಸಾರ ಮಾಡಿದ್ದು."

ತಗ್ಗುರಸ್ತೆಯ ಬಾವಿಯನ್ನು ಈಗ ಅವಳು ಎಲ್ಲಕ್ಕಿಂತ ಮೊದಲೇ ಅಳೆದು ಮುಗಿಸುತ್ತಿದ್ದಳು. ಬೇಲಿಯಾಚೆ ಖಾಲಿ ಕುಂಡಗಳು ಒಂದರೊಳಗೊಂದು ಕೂತಿದ್ದವು. ಉರುಳೆ ಕುಂಯ್ ಎನ್ನುತ್ತಿತ್ತು, ಅವಳು ಅಂಕಿ ಬರೆದುಕೊಳ್ಳುತ್ತಿದ್ದಳು, ಕಚೇರಿಯಲ್ಲಿ ಅದನ್ನು ತೆಗೆದುಕೊಂಡು ಕಂಪ್ಯೂಟರಿಗೆ ತುಂಬುತ್ತಿದ್ದರು. ಆ ಅಂಕಿ ಬೇಕಾದವರು ಬಹಳ ಜನ ಇದ್ದರು. ನೀರು ಹೇಗಿದೆ ಎಂದು ಕೇಳುವವರು ಮಾತ್ರ ಯಾರೂ ಇರಲಿಲ್ಲ. ನೀರು ಒಂದಿಷ್ಟು ಮೇಲೆ ಬಂದ ತಿಂಗಳು ಅವಳು ಟೇಪು ಸುತ್ತಿಕೊಂಡು, ಯಾರಿಗೂ ಕೇಳದ ಹಾಗೆ, "ಸ್ವಲ್ಪ ಏರಿದೆ" ಎಂದು ಬೇಲಿಯ ಕಡೆಗೆ ಹೇಳಿ, ತನಗೇ ನಾಚಿಕೆಯಾಗಿ ಬೇಗಬೇಗ ನಡೆದುಬಿಟ್ಟಳು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಪುರಸಭೆ ಬಡಾವಣೆಗೊಂದು ನೀರು ಸಮಿತಿ ಮಾಡಿತು. ಜನರೇ ಸದಸ್ಯರು. ಬೋರು, ಪಂಪು, ಇಂಗುಗುಂಡಿಗಳ ಮೇಲೆ ಕಣ್ಣಿಡುವುದು, ತಿಂಗಳಿಗೊಮ್ಮೆ ಸಭೆಯಲ್ಲಿ ಕೂತು ಕೇಳಬೇಕಾದ್ದನ್ನು ಕೇಳುವುದು ಅವರ ಕೆಲಸ. ಮೊದಲ ಸಭೆಗೆ ಬಾವಿ ಮೇಡಂ ಒಳಗೆ ಬಂದು ನೋಡುತ್ತಾಳೆ, ಸದಸ್ಯರ ಸಾಲಿನಲ್ಲಿ ಅಕ್ಕ ಕೂತಿದ್ದಾಳೆ. ಇಸ್ತ್ರಿ ಮಾಡಿದ ಬಟ್ಟೆ, ಮಡಿಲಲ್ಲಿ ಕೈಚೀಲ, ನೆಟ್ಟಗಿನ ಬೆನ್ನು. "ನಮಸ್ಕಾರ ಮೇಡಂ" ಎಂದಳು. ತಂಗಿಯೂ ಕೈಮುಗಿದಳು.

ಸಮಿತಿಯಲ್ಲಿ ಅಕ್ಕನಷ್ಟು ಕಟ್ಟುನಿಟ್ಟು ಇನ್ಯಾರೂ ಇರಲಿಲ್ಲ. ಬೇರೆ ಸದಸ್ಯರು ಟೀ ಬರುವ ತನಕ ಕೂತು ಹೋಗುವವರಾದರೆ, ಅವಳು ಬೀದಿಬೀದಿ ಸುತ್ತಿ ಇಂಗುಗುಂಡಿಯ ಕಲ್ಲು ಎತ್ತಿಸಿ ನೋಡಿ ಬರುತ್ತಿದ್ದಳು. ಹಾಗೆ ಸುತ್ತುವಾಗಲೇ ಐಸ್ ಕಾರ್ಖಾನೆ ಅವಳ ಕಣ್ಣಿಗೆ ಬಿದ್ದದ್ದು. ಅದೂ ಗಡಿಯ ಒಳಗೇ ಇತ್ತು. ಅವರಿಗೆ ಪುರಸಭೆ ಬೇರೆ ವ್ಯವಸ್ಥೆ ಆಗುವ ತನಕ ಎಂದು ತಾತ್ಕಾಲಿಕ ರಿಯಾಯಿತಿ ಕೊಟ್ಟಿತ್ತು. ಬಾವಿ ಮೇಡಂ ಆಗಲೇ ಅದನ್ನು ವಿರೋಧಿಸಿದ್ದಳು. ವಿರೋಧ ಫೈಲಿನಲ್ಲಿ ಮಲಗಿತ್ತು, ರಿಯಾಯಿತಿ ಎದ್ದು ಓಡಾಡುತ್ತಿತ್ತು.

ಸಭೆಯಲ್ಲಿ ಅಕ್ಕ ಎದ್ದು ನಿಂತಳು. "ನನ್ನ ಬೋರಿಗೆ ಬೀಗ ಬಿತ್ತು. ಸರಿ, ಊರಿಗೆ ಬೇಕಿತ್ತು, ಬಿದ್ದಿತು. ಕಾರ್ಖಾನೆ ಬೋರು ಎಳೀತಿರೋದು ಬೇರೆ ಊರಿನ ನೀರಾ?"

ಸಭೆಗೆ ಬಂದಿದ್ದ ಕಾರ್ಖಾನೆಯ ವ್ಯವಸ್ಥಾಪಕ ನಯವಾಗಿ ನಕ್ಕ. ತಮ್ಮದು ಸಣ್ಣ ಪಂಪು, ಕೆಲಸಗಾರರ ಹೊಟ್ಟೆಪಾಡು, ಇತ್ಯಾದಿ ಹೇಳಿದ. ಸಭೆ ನಡೆಸುತ್ತಿದ್ದ ಪುರಸಭೆಯ ಅಧ್ಯಕ್ಷರು ಗಡಿಯಾರ ನೋಡಿ, "ಮೇಡಂ ಏನಂತೀರಿ?" ಎಂದು ಬಾವಿ ಮೇಡಂ ಕಡೆ ತಿರುಗಿದರು.

ಅವಳು ಎದ್ದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅಕ್ಕ ನೋಡುತ್ತಿದ್ದಳು, ಅದೇ ಕಷ್ಟವಾಯಿತು. "ಮಟ್ಟದ ಮೇಲೆ ಸ್ವಲ್ಪ ಪರಿಣಾಮ ಕಾಣ್ತಿದೆ. ಮುಂದಿನ ಸಭೆ ಹೊತ್ತಿಗೆ ಇನ್ನೊಮ್ಮೆ ಪರಿಶೀಲನೆ ಮಾಡಿ..."

"ಗಟ್ಟಿಯಾಗಿ ಹೇಳೇ!" ಅಕ್ಕನ ದನಿ ಗೋಡೆಗೆ ಬಡಿಯಿತು. "ನಾಲಿಗೆ ನುಂಗ್ಕೊಂಡು ನಿಂತ್ಕೋತೀಯಲ್ಲ. ನಿನಗೆ ಗೊತ್ತಿಲ್ವಾ ಅಲ್ಲಿ ಏನಾಗ್ತಿದೆ ಅಂತ?"

ಅಧ್ಯಕ್ಷರ ಹುಬ್ಬು ಮೇಲೇರಿತು. "ಏನಮ್ಮ ಇದು, ಅಧಿಕಾರಿಗಳ ಹತ್ರ ಹೀಗಾ ಮಾತಾಡೋದು?"

"ಮಾತಾಡ್ಲಿ ಬಿಡಿ ಸಾರ್" ಎಂದಳು ತಂಗಿ. ಈ ಸಲ ದನಿ ಗಟ್ಟಿಯಾಗಿಯೇ ಹೊರಟಿತು. ಕಾರ್ಖಾನೆಯ ಪಂಪು ನಿಂತ ದಿನ ದೊಡ್ಡ ಬಾವಿ ಹೇಗಿರುತ್ತದೆ, ಓಡಿದ ದಿನ ಹೇಗಿರುತ್ತದೆ ಎಂಬುದನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳಿದಳು. ಒಬ್ಬರಿಗೆ ಬೀಗ, ಒಬ್ಬರಿಗೆ ರಿಯಾಯಿತಿ ಎಂದಾದರೆ ನಾಳೆ ಯಾರೂ ಈ ಗಡಿಗೆ ಬೆಲೆ ಕೊಡುವುದಿಲ್ಲ ಎಂದಳು. ಅಧ್ಯಕ್ಷರು ಸದಸ್ಯರ ಕೈ ಎತ್ತಿಸಿದರು. ರಿಯಾಯಿತಿ ರದ್ದಾಯಿತು.

ಸಭೆ ಮುಗಿದದ್ದೇ ಅವಳು ಜನರನ್ನು ಸರಿಸಿಕೊಂಡು ಮೆಟ್ಟಿಲ ಹತ್ತಿರ ಓಡಿದಳು. ಅಕ್ಕ ಅಲ್ಲಿಯೇ ನಿಂತಿದ್ದಳು. ಒಳಗೆ ಅಷ್ಟು ಜನರೆದುರು ಅಕ್ಕನ ಬಾಯಿಗೆ ಬಂದ ನೀನು ಎಂಬ ಮಾತು ಹೊರಗೆ ಇಬ್ಬರೇ ಇರುವಾಗ ಬಾರದೇ ಇರುತ್ತದೆಯೇ?

ಅಕ್ಕ ಅವಳ ಬರಿಗೈ ನೋಡಿದಳು. "ನಿಮ್ಮ ಫೈಲು ಒಳಗೇ ಬಿಟ್ಟು ಬಂದ್ರಿ" ಎಂದು ಹೇಳಿ ಮೆಟ್ಟಿಲಿಳಿದಳು.

ಆ ಸಂಜೆ ಅವಳು ಮಹಡಿಯ ಕೋಣೆಯಲ್ಲಿ ದೀಪ ಹಾಕದೆ ಕೂತಿದ್ದಳು. ಕೆಳಗಿನ ಮನೆಯಲ್ಲಿ ಯಾರೋ ಯಾರನ್ನೋ "ಬಾರೇ ಇಲ್ಲಿ, ಎಷ್ಟು ಸಲ ಕರೀಬೇಕು ನಿನ್ನ" ಎಂದು ಗದರುತ್ತಿದ್ದರು. ಗದರಿಸಿಕೊಳ್ಳುತ್ತಿದ್ದವಳು ಎಷ್ಟು ಸುಖಿ, ಅವಳಿಗೇ ಗೊತ್ತಿಲ್ಲ ಎನಿಸಿತು.

ಮುಂದಿನ ಬೇಸಿಗೆಗಳಲ್ಲಿ ನೀರು ಅಷ್ಟಾಗಿ ಇಳಿಯಲಿಲ್ಲ. ಮಳೆಯೂ ಕೈಬಿಡಲಿಲ್ಲ, ಇಂಗುಗುಂಡಿಗಳೂ ಕೆಲಸ ಮಾಡಿದವು. ಮಟ್ಟ ಗಟ್ಟಿಯಾಗಿ ನಿಂತರೆ ಗಡಿಯೊಳಗಿನ ಸಣ್ಣ ಬೋರುಗಳನ್ನು ಮಿತಿ ಹಾಕಿ ತೆರೆಯಬಹುದೆಂದು ಪುರಸಭೆ ಹೇಳಿತು. ಅವಳು ಆ ಸುದ್ದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡ ಹಾಗೆ ಜೋಪಾನವಾಗಿ ಹೊತ್ತುಕೊಂಡು ಅಕ್ಕನ ಮನೆಗೆ ಹೋದಳು. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದಳು.

"ಬೋರು ತೆಗೆದುಕೊಡಬಹುದು ಅಕ್ಕ. ಮೊದಲ ಅರ್ಜಿ ನಿನ್ನದೇ ಆಗ್ಲಿ."

ಅಕ್ಕ ಮಂಡಿ ನೀವಿಕೊಂಡಳು. "ಗಿಡ ಬೆಳೆಸೋ ಶಕ್ತಿ ಇವತ್ತು ಯಾರಿಗಿದೆ. ತೆಗೆಯೋದಾದ್ರೆ ತೆಗೀಲಿ. ಆದ್ರೆ ನೀರು ಮೇಲೆ ಎತ್ತೋದು ಬೇಡ. ತೋಟದ ಶೆಡ್ಡಿನ ಮೇಲಿನ ಮಳೆನೀರನ್ನ ಅದರೊಳಗೇ ಇಳಿಸೋದಕ್ಕಾಗುತ್ತಲ್ಲ?"

"ಆಗುತ್ತೆ. ಜಲ್ಲಿ, ಮರಳು, ಇದ್ದಿಲು ಹಾಕಿ ಸೋಸಿ ಬಿಡಬೇಕು."

"ಹಾಗೇ ಮಾಡೋದು ಮತ್ತೆ."

ತಂಗಿಗೆ ಕೂಡಲೇ ಹೊಳೆಯಲಿಲ್ಲ. ಅಂಗಳ ದಾಟಿದ ಮೇಲೆ ಹೊಳೆಯಿತು. ಅಕ್ಕ ಅಷ್ಟೂ ಹೊತ್ತು ನೀವು ಎಂದಿರಲಿಲ್ಲ. ನೀನು ಎಂದೂ ಅಂದಿರಲಿಲ್ಲ. ಎರಡಕ್ಕೂ ಸಿಗದ ಹಾಗೆ ಮಾತನ್ನು ನಡುವಿನ ಕಾಲುದಾರಿಯಲ್ಲಿ ನಡೆಸಿಕೊಂಡು ಹೋಗಿದ್ದಳು.

ಬೀಗ ತೆಗೆಯುವ ದಿನ ಭಾವನೂ ಬಂದ. ಬೀಗ ತುಕ್ಕು ಹಿಡಿದು ಕೀಲಿಗೆ ಜಗ್ಗಲಿಲ್ಲ. ಭಾವ ಜೇಬಿನಿಂದ ಹೊಲಿಗೆ ಮಿಷನ್ನಿನ ಎಣ್ಣೆಯ ಡಬ್ಬಿ ತೆಗೆದು ಎರಡು ಹನಿ ಬಿಟ್ಟ. "ಸಂಸಾರದಲ್ಲಿ ಎಲ್ಲ ಬೀಗಕ್ಕೂ ಎಣ್ಣೆ ಹಾಕೋನು ನಾನೇ" ಎಂದ. ಅಕ್ಕ, "ಹಾಕಿದ್ದು ಸಾಕು, ಬಟ್ಟೆಗೆ ಬೀಳುತ್ತೆ" ಎಂದು ಗದರಿದಳು. ಸೋಸುಗುಂಡಿ ತೋಡಿದವರು ಜಲ್ಲಿ ತುಂಬಿದರು, ಶೆಡ್ಡಿನ ಕೊಳವೆ ಜೋಡಿಸಿದರು. ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಭಾವ ಗಿರಾಕಿ ಕಾಯುತ್ತಾನೆಂದು ಮೊದಲೇ ಹೊರಟುಹೋದ.

ಅಕ್ಕ ಗೇಟು ಮುಚ್ಚಿ ರಸ್ತೆಗೆ ಬಂದಳು. ತಂಗಿ ಟೇಪಿನ ಚೀಲ ಹೆಗಲಿಗೇರಿಸಿಕೊಂಡು ಸ್ವಲ್ಪ ಹಿಂದೆ ಉಳಿದಳು. ಜೊತೆಗೆ ನಡೆಯಬಹುದೋ ಬಾರದೋ ತಿಳಿಯಲಿಲ್ಲ. ತಗ್ಗಿನಿಂದ ಏರು ಶುರುವಾಗುವಲ್ಲಿ ಅಕ್ಕ ಮಂಡಿ ಹಿಡಿದುಕೊಂಡು ನಿಂತಳು. ತಂಗಿ ಹತ್ತಿರ ಹೋಗಿ ತೋಳು ಚಾಚಿದಳು. ಅಕ್ಕ ಅದನ್ನು ನೋಡಿದಳು, ಹಿಡಿದುಕೊಂಡಳು.

"ಏರು ಮೊದಲು ಇಷ್ಟಿರಲಿಲ್ಲ" ಎಂದಳು.

"ಹೂಂ."

"ಅವರಿಗೆ ಕಣ್ಣು ಮಂಜಾಗ್ತಿದೆ. ದಾರ ಪೋಣಿಸೋಕೆ ಆಗಲ್ಲ, ಆಗುತ್ತೆ ಅಂತ ಹಟ. ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು."

"ನಾನು ಬರ್ತೀನಿ."

"ಬಂದ್ರೆ ಒಳ್ಳೇದೇ."

ಅಕ್ಕ ಭಾವನ ಕಣ್ಣಿನ ವಿಷಯ ಬಿಟ್ಟು ಹಾಲಿನವನ ವಿಷಯಕ್ಕೆ ಬಂದಳು, ಅಲ್ಲಿಂದ ಪಕ್ಕದ ಮನೆಯವರ ಒಡೆದ ತೊಟ್ಟಿಯ ವಿಷಯಕ್ಕೆ. ತಂಗಿ ಕೇಳಿಸಿಕೊಳ್ಳುತ್ತ, ಅಕ್ಕನ ಹೆಜ್ಜೆಗಿಂತಲೂ ನಿಧಾನವಾಗಿ ಹೆಜ್ಜೆ ಇಡುತ್ತಿದ್ದಳು. ಮನೆಯ ತಿರುವು ಕಾಣಿಸತೊಡಗಿತ್ತು. ಅದು ಇನ್ನೂ ಒಂದಿಷ್ಟು ದೂರ ಇದ್ದಿದ್ದರೆ ಎಂದು ಅವಳಿಗೆ ಅನಿಸಿತು.